ಗಾಯ ಇರುವಾಗ ಎಣ್ಣೆ-ತುಪ್ಪ ನಂಜಾ? ಜೀವಕೋಶದ ಪೊರೆಯನ್ನು ಕೇಳೋಣ

ಎರಡು ತಿಂಗಳ ಹಿಂದೆ ದಾವಣಗೆರೆಯ ನಮ್ಮ ದೊಡ್ಡಮ್ಮನಿಗೆ ಹರ್ನಿಯಾ ಆಪರೇಷನ್ ಆಯಿತು. ಅವರು ಮನೆಗೆ ಬರುವ ಹೊತ್ತಿಗೆ ಪಥ್ಯದ ಪಟ್ಟಿ ರೆಡಿ ಇತ್ತು. ಬದನೆಕಾಯಿ ನಂಜು. ಶೇಂಗಾ ನಂಜು. ಎಣ್ಣೆ, ತುಪ್ಪ ಮುಟ್ಟಿದರೆ ಹೊಲಿಗೆ ಕೀವಾಗುತ್ತದೆ. ಹೊಲಿಗೆ ಬಿಚ್ಚುವವರೆಗೆ ಒಗ್ಗರಣೆ ಹಾಕದ ಬೇಳೆಕಟ್ಟು, ಮೆತ್ತಗಿನ ಅನ್ನ, ಅಷ್ಟೇ. ಅದೇ ಸಂಜೆ ಬೆಂಗಳೂರಿನಿಂದ ಮಗ ಫೋನ್ ಮಾಡಿದ. "ಅಮ್ಮ, ಒಮೆಗಾ-3 ಕ್ಯಾಪ್ಸೂಲ್ ಕಳಿಸಿದೀನಿ. ದಿನಾ ಎರಡು ತಗೋ, ಗಾಯ ಬೇಗ ಒಣಗುತ್ತೆ."

ಒಂದು ಕಡೆ ಕೊಬ್ಬು ಮುಟ್ಟಲೇಬೇಡಿ ಅನ್ನುವವರು, ಇನ್ನೊಂದು ಕಡೆ ಕೊಬ್ಬನ್ನೇ ಔಷಧಿ ಅನ್ನುವ ಮಗ. ದೊಡ್ಡಮ್ಮ ನನ್ನ ಕಡೆ ತಿರುಗಿ, "ನೀನು ಏನೇನೋ ಓದ್ತೀಯಲ್ಲ, ಇದನ್ನ ಹೇಳು ನೋಡೋಣ" ಅಂದರು. ಹೇಳಬೇಕಾದರೆ ಒಂದು ಗಾಯದ ಒಳಗೇ ಇಳಿದು ನೋಡಬೇಕು.

## ಕೊಬ್ಬಿನಾಮ್ಲ ಅಂದರೇನು?

ಎಣ್ಣೆಯಾಗಲಿ, ತುಪ್ಪವಾಗಲಿ, ಅದರ ಒಂದೊಂದು ಅಣುವೂ ಒಂದು ಹಿಡಿಗೆ ಮೂರು ಬಾಲ ಕಟ್ಟಿದ ಹಾಗಿರುತ್ತದೆ. ಹಿಡಿಯ ಹೆಸರು ಗ್ಲಿಸರಾಲ್. ಬಾಲಗಳೇ ಕೊಬ್ಬಿನಾಮ್ಲಗಳು, ಅಂದರೆ ಫ್ಯಾಟಿ ಆಸಿಡ್‌ಗಳು. ಇಂಗಾಲದ ಪರಮಾಣುಗಳನ್ನು ಸಾಲಾಗಿ ಪೋಣಿಸಿದರೆ ಒಂದು ಬಾಲ.

ಕೆಲವು ಬಾಲ ನೆಟ್ಟಗಿರುತ್ತವೆ. ಇವು ಸ್ಯಾಚುರೇಟೆಡ್ ಕೊಬ್ಬು. ಕೆಲವಕ್ಕೆ ಮಧ್ಯದಲ್ಲಿ ಒಂದೋ ಹಲವೋ ಕಡೆ ಸೊಟ್ಟ ಇರುತ್ತದೆ. ಇವು ಅನ್‌ಸ್ಯಾಚುರೇಟೆಡ್. ಮನೆ ಕಟ್ಟುವ ಜಾಗದಲ್ಲಿ ಸರ್ವೆ ಕಂಬಗಳನ್ನು ಒತ್ತೊತ್ತಾಗಿ ಪೇರಿಸಿರುವುದನ್ನು ನೋಡಿರುತ್ತೀರಿ. ಅದೇ ಜಾಗದಲ್ಲಿ ಜಾಲಿ ಕೊಂಬೆ ಪೇರಿಸಿ ನೋಡಿ, ಎಷ್ಟು ಒತ್ತಿದರೂ ಸಂದಿ ಉಳಿಯುತ್ತದೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ, ಪಕ್ಕದ ಶೇಂಗಾ ಎಣ್ಣೆ ನೀರಾಗಿಯೇ ಇರುವುದಕ್ಕೆ ಕಾರಣ ಇದೇ. ಕೊಬ್ಬರಿ ಎಣ್ಣೆಯ ತುಂಬ ನೆಟ್ಟಗಿನ ಬಾಲಗಳು.

ಇನ್ನು ಒಮೆಗಾ. ಅದು ಗ್ರೀಕ್ ವರ್ಣಮಾಲೆಯ ಕೊನೇ ಅಕ್ಷರ. ಬಾಲದ ತುದಿಯಿಂದ ಎಣಿಸಿಕೊಂಡು ಬಂದಾಗ ಮೊದಲ ಸೊಟ್ಟ ಮೂರನೇ ಇಂಗಾಲದಲ್ಲಿ ಸಿಕ್ಕರೆ ಒಮೆಗಾ-3, ಆರನೆಯದರಲ್ಲಿ ಸಿಕ್ಕರೆ ಒಮೆಗಾ-6. ಹೆಸರಿನ ಗುಟ್ಟು ಇಷ್ಟೇ. ಈ ಎರಡು ಜಾಗದಲ್ಲಿ ಸೊಟ್ಟ ಮಾಡುವ ಕಲೆ ನಮ್ಮ ದೇಹಕ್ಕೆ ಬರುವುದಿಲ್ಲ. ಆದ್ದರಿಂದ ಎರಡು ಕೊಬ್ಬಿನಾಮ್ಲಗಳನ್ನು ಊಟದಿಂದಲೇ ಪಡೆಯಬೇಕು. ಒಮೆಗಾ-6 ಕಡೆಯದು ಲಿನೊಲೆಯಿಕ್ ಆಮ್ಲ. ಸೂರ್ಯಕಾಂತಿ, ಕುಸುಬೆ, ಶೇಂಗಾ ಎಣ್ಣೆಗಳಲ್ಲಿ ಇದು ಧಾರಾಳ. ಒಮೆಗಾ-3 ಕಡೆಯದು ಆಲ್ಫಾ ಲಿನೊಲೆನಿಕ್ ಆಮ್ಲ. ಅಗಸೆ ಇದರ ಗಣಿ.

ಈ ಎರಡನ್ನು ಎಳೆದು ಉದ್ದ ಮಾಡಿ ದೇಹ ಇನ್ನೂ ಮೂರು ತಯಾರಿಸಿಕೊಳ್ಳುತ್ತದೆ. ಒಮೆಗಾ-6ರಿಂದ ಅರಕಿಡೋನಿಕ್ ಆಮ್ಲ, ಒಮೆಗಾ-3ರಿಂದ ಇಪಿಎ ಮತ್ತು ಡಿಎಚ್‌ಎ. ಎರಡೂ ಸಾಲಿಗೆ ಇರುವುದು ಒಂದೇ ಗಿರಣಿ. ಒಂದು ಕಡೆಯ ಚೀಲ ಜಾಸ್ತಿ ಬಂದರೆ ಇನ್ನೊಂದು ಕಡೆಯವರು ಸರದಿಯಲ್ಲಿ ಕಾಯಬೇಕು. ಅಗಸೆಯ ಒಮೆಗಾ-3 ಹೀಗೆ ಇಪಿಎ ಆಗುವುದು ಸ್ವಲ್ಪ ಪಾಲು ಮಾತ್ರ, ಡಿಎಚ್‌ಎ ಆಗುವುದು ಅದಕ್ಕಿಂತ ಕಡಿಮೆ. ಬೂತಾಯಿ, ಬಂಗುಡೆಯಂಥ ಮೀನಿನಲ್ಲಿ ಇವೆರಡೂ ಸಿದ್ಧವಾಗಿಯೇ ಸಿಗುತ್ತವೆ. ಮೀನಿಗೆ ಅದು ಬಂದದ್ದು ಸಮುದ್ರದ ಸೂಕ್ಷ್ಮ ಪಾಚಿಯಿಂದ.

## ತಿಂದ ಎಣ್ಣೆ ಜೀವಕೋಶದ ಗೋಡೆಯಾಗುತ್ತದೆ

ಕೊಬ್ಬು ಅಂದ ಕೂಡಲೇ ನಮಗೆ ಸೊಂಟದ ಸುತ್ತಳತೆ ನೆನಪಾಗುತ್ತದೆ. ಆದರೆ ದೇಹದ ಒಂದೊಂದು ಜೀವಕೋಶವನ್ನೂ ಸುತ್ತುವರಿದ ಪೊರೆ ಮಾಡಿರುವುದು ಬಹುಪಾಲು ಇದೇ ಬಾಲಗಳಿಂದ. ಬಾಲಗಳು ಒಳಮುಖವಾಗಿ ಎದುರುಬದುರು ನಿಂತ ಎರಡು ಸಾಲು, ಅದೇ ಪೊರೆ. ನೆಟ್ಟಗಿನ ಬಾಲ ಜಾಸ್ತಿ ಇದ್ದರೆ ಪೊರೆ ಬಿಗಿಯಾಗುತ್ತದೆ, ಸೊಟ್ಟ ಬಾಲ ಇದ್ದರೆ ಸಡಿಲವಾಗಿ ಹರಿದಾಡುತ್ತದೆ. ಗಾಯ ಮಾಯುವಾಗ ಜೀವಕೋಶಗಳು ಕೂತಲ್ಲೇ ಕೂರುವುದಿಲ್ಲ. ತೆವಳುತ್ತವೆ, ಹಿಗ್ಗುತ್ತವೆ, ಕಸ ನುಂಗುತ್ತವೆ. ಪೊರೆ ಬಳುಕದಿದ್ದರೆ ಇದೊಂದೂ ನಡೆಯದು.

ಪೊರೆಗೆ ಯಾವ ಬಾಲ ಸೇರುತ್ತದೆ ಅನ್ನುವುದು ಸ್ವಲ್ಪ ಮಟ್ಟಿಗೆ ನಮ್ಮ ಊಟದ ಮೇಲೆ ನಿಂತಿದೆ. ಆದರೆ ನಿನ್ನೆ ತಿಂದದ್ದು ಇವತ್ತು ಅಲ್ಲಿ ಹೋಗಿ ಕೂರುವುದಿಲ್ಲ. ಡೆಂಗಿ ಬಂದಾಗ ಎಲ್ಲರ ಬಾಯಲ್ಲೂ ಓಡಾಡುವ ಪ್ಲೇಟ್‌ಲೆಟ್‌ಗಳ ಆಯಸ್ಸು 8ರಿಂದ 10 ದಿನ. ಕೆಂಪು ರಕ್ತಕಣದ್ದು ಸುಮಾರು 120 ದಿನ. ಹಳೆಯವು ಹೋಗಿ ಹೊಸವು ಹುಟ್ಟುವಾಗ, ಆ ಹೊತ್ತಿಗೆ ರಕ್ತದಲ್ಲಿ ಇರುವ ಕೊಬ್ಬಿನಾಮ್ಲಗಳನ್ನೇ ಹಾಕಿಕೊಂಡು ಹುಟ್ಟುತ್ತವೆ. ಹಾಗಾಗಿ ಆಪರೇಷನ್ ದಿನ ಗಾಯಕ್ಕೆ ಓಡಿ ಬರುವ ಜೀವಕೋಶಗಳ ಪೊರೆಯಲ್ಲಿ ಇರುವುದು ಹಿಂದಿನ ವಾರಗಳ ಊಟ. ದೊಡ್ಡಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಶುರು ಮಾಡಿದ ಪಥ್ಯ ಆ ಗಾಯದ ಮೊದಲ ದಿನಗಳನ್ನು ಮುಟ್ಟಿರಲೂ ಇಲ್ಲ.

## ಈಳಿಗೆಮಣೆಯಲ್ಲಿ ಬೆರಳು ಕೊಯ್ದಾಗ

ಆಪರೇಷನ್ ಗಾಯ ಬ್ಯಾಂಡೇಜಿನ ಒಳಗಿರುತ್ತದೆ, ಕಾಣುವುದಿಲ್ಲ. ಎಲ್ಲರಿಗೂ ಆಗಿರುವ ಒಂದು ಗಾಯ ನೋಡೋಣ. ಹುರುಳಿಕಾಯಿ ಹೆಚ್ಚುವಾಗ ಈಳಿಗೆಮಣೆ ತಾಗಿ ಹೆಬ್ಬೆರಳು ಕೊಯ್ದಿತು ಅಂದುಕೊಳ್ಳಿ.

ಮೊದಲ ಕ್ಷಣ ಬಿಳಿ ಗೆರೆ ಕಾಣುತ್ತದೆ, ಆಮೇಲೆ ರಕ್ತ. ಅಲ್ಲಿಗೆ ಬಂದ ಪ್ಲೇಟ್‌ಲೆಟ್‌ಗಳು ಒಡೆದ ರಕ್ತನಾಳದ ಅಂಚಿಗೆ ಅಂಟಿಕೊಳ್ಳುತ್ತವೆ. ಅಂಟಿಕೊಂಡ ಕೂಡಲೇ ಅವುಗಳ ಒಳಗೆ ಒಂದು ಕತ್ತರಿ ಎಚ್ಚರವಾಗುತ್ತದೆ. ಫಾಸ್ಫೊಲೈಪೇಸ್ ಎ2 ಎಂಬ ಕಿಣ್ವ ಅದು. ತನ್ನದೇ ಪೊರೆಯಿಂದ ಅರಕಿಡೋನಿಕ್ ಆಮ್ಲದ ಬಾಲವನ್ನು ಕತ್ತರಿಸಿ ತೆಗೆಯುತ್ತದೆ! ಗೋಡೆಯ ಇಟ್ಟಿಗೆ ಕಿತ್ತು ಅದರಿಂದಲೇ ಪತ್ರ ಬರೆದು ಕಳಿಸಿದ ಹಾಗೆ. ಆ ಪತ್ರದ ಹೆಸರು ಥ್ರಾಂಬಾಕ್ಸೇನ್. 'ಎಲ್ಲರೂ ಇಲ್ಲಿಗೆ ಬನ್ನಿ, ಗುಂಪುಗೂಡಿ, ನಾಳ ಬಿಗಿಯಾಗಲಿ' ಎಂದು ಅದು ಬೇರೆ ಪ್ಲೇಟ್‌ಲೆಟ್‌ಗಳನ್ನು ಕರೆಯುತ್ತದೆ. ಸುಮಾರು ಅರ್ಧ ನಿಮಿಷದಲ್ಲಿ ಅದರ ಅರ್ಧ ಪಾಲು ಒಡೆದು ಹೋಗುತ್ತದೆ. ಹಾಗಾಗುವುದೇ ಒಳ್ಳೆಯದು. ಇಲ್ಲದಿದ್ದರೆ ಹೆಬ್ಬೆರಳಲ್ಲಿ ಶುರುವಾದ ಹೆಪ್ಪು ಬೇರೆ ಕಡೆಗೂ ಹಬ್ಬುತ್ತಿತ್ತು.

ಆಸ್ಪಿರಿನ್ ತಡೆಯುವುದು ಈ ಪತ್ರ ಬರೆಯುವ ಕೆಲಸವನ್ನೇ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರ ಇಲ್ಲ, ಹೊಸ ಕಿಣ್ವ ಮಾಡಿಕೊಳ್ಳಲು ಆಗುವುದಿಲ್ಲ. ಒಮ್ಮೆ ಆಸ್ಪಿರಿನ್ ಕಟ್ಟಿಹಾಕಿದರೆ ಅದು ಸಾಯುವವರೆಗೆ ಹಾಗೇ. ಆಪರೇಷನ್‌ಗೆ ಮೊದಲು ಡಾಕ್ಟರ್ 'ಆಸ್ಪಿರಿನ್ ತಗೊಳ್ತೀರಾ' ಎಂದು ಕೇಳುವುದು ಇದಕ್ಕೇ.

ಒಂದೆರಡು ಗಂಟೆ ಕಳೆಯಲಿ. ಬೆರಳು ಬೆಚ್ಚಗಾಗಿದೆ, ಅಂಚು ಕೆಂಪಾಗಿದೆ, ಒಳಗೆ ಡವಡವ ಅನ್ನುತ್ತಿದೆ. ಇದೂ ಅರಕಿಡೋನಿಕ್ ಆಮ್ಲದ ಕೆಲಸವೇ. ಈಗ ಅದರಿಂದ ಪ್ರೊಸ್ಟಾಗ್ಲಾಂಡಿನ್ ಇ2 ತಯಾರಾಗಿದೆ. ಅದು ರಕ್ತನಾಳ ಹಿಗ್ಗಿಸುತ್ತದೆ, ನೋವಿನ ನರಗಳನ್ನು ಚುರುಕು ಮಾಡುತ್ತದೆ. ಜೊತೆಗೆ ಲ್ಯೂಕೊಟ್ರೈನ್ ಬಿ4 ಎಂಬ ಇನ್ನೊಂದು ಪತ್ರ. ಇದರ ಜಾಡು ಹಿಡಿದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನಾಳದಿಂದ ನುಸುಳಿ ಗಾಯಕ್ಕೆ ಬರುತ್ತವೆ. ಒಂದೆರಡು ದಿನದಲ್ಲಿ ಅವುಗಳದ್ದೇ ಜಾತ್ರೆ. ಬ್ಯಾಕ್ಟೀರಿಯಾ ಸಿಕ್ಕರೆ ನುಂಗುತ್ತವೆ, ಸುಡುವ ರಾಸಾಯನಿಕ ಎರಚುತ್ತವೆ, ತಾವೂ ಸಾಯುತ್ತವೆ. ಕೀವಿನಲ್ಲಿ ಕಾಣುವುದು ಹೆಚ್ಚಾಗಿ ಈ ಸತ್ತ ನ್ಯೂಟ್ರೋಫಿಲ್‌ಗಳೇ.

ಪ್ರೊಸ್ಟಾಗ್ಲಾಂಡಿನ್‌ಗಳ ಈ ಕಥೆ ಬಿಡಿಸಿದ್ದಕ್ಕೆ ಸ್ವೀಡನ್ನಿನ ಸೂನೆ ಬರ್ಗ್‌ಸ್ಟ್ರೋಮ್, ಬೆಂಗ್ಟ್ ಸ್ಯಾಮುಯೆಲ್ಸನ್ ಮತ್ತು ಇಂಗ್ಲೆಂಡಿನ ಜಾನ್ ವೇನ್ ಅವರಿಗೆ 1982ರ ನೊಬೆಲ್ ಬಂತು. ಆಸ್ಪಿರಿನ್ ಹೇಗೆ ಕೆಲಸ ಮಾಡುತ್ತದೆ ಎಂದು 1971ರಲ್ಲಿ ತೋರಿಸಿದವರು ಇದೇ ವೇನ್.

ನಾವು 'ನಂಜು' ಎಂಬ ಒಂದೇ ಪದದೊಳಗೆ ಬಾವು, ಕೀವು, ತುರಿಕೆ, ಅಲರ್ಜಿ ಎಲ್ಲವನ್ನೂ ತುಂಬಿಬಿಟ್ಟಿದ್ದೇವೆ. ಮೊದಲೆರಡು ದಿನದ ಕೆಂಪು, ಬಿಸಿ, ಬಾವು ದೇಹ ತಾನೇ ಬೇಕೆಂದು ಮಾಡಿಕೊಂಡದ್ದು. ಅದಕ್ಕೆ ಉರಿಯೂತ ಎಂದು ಹೆಸರು. ಹೊಲಿಗೆ ಕೀವಾಗುವುದು ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಸೇರಿಕೊಂಡಾಗ. ಒಗ್ಗರಣೆಯ ಎಣ್ಣೆ ಬ್ಯಾಕ್ಟೀರಿಯಾ ಹೊತ್ತು ತರುವುದಿಲ್ಲ.

## ಬಾವು ಇಳಿಯುವುದಕ್ಕೂ ಆದೇಶ ಬೇಕು

ಹಿಂದೆಲ್ಲ ಬಾವು ತಾನಾಗಿಯೇ ಇಳಿಯುತ್ತದೆ ಎಂದುಕೊಂಡಿದ್ದರು. ಕರೆಯುವ ಪತ್ರಗಳು ಖಾಲಿಯಾದವು, ಬಂದವರು ಸತ್ತರು, ಮುಗಿಯಿತು ಎಂಬ ಲೆಕ್ಕ. ಅಮೆರಿಕದ ಬಾಸ್ಟನ್‌ನ ಚಾರ್ಲ್ಸ್ ಸೆರ್ಹಾನ್ ಮತ್ತು ಅವರ ಜೊತೆಗಾರರು ಈ ಲೆಕ್ಕ ಬದಲಿಸಿದರು. ಬಾವು ಇಳಿಸುವುದಕ್ಕೂ ದೇಹ ಬೇರೆಯೇ ಪತ್ರಗಳನ್ನು ಬರೆಯುತ್ತದೆ, ಅವನ್ನೂ ಕೊಬ್ಬಿನಾಮ್ಲದಿಂದಲೇ ಬರೆಯುತ್ತದೆ ಎಂದು ಅವರು ತೋರಿಸಿದರು. ಇಪಿಎ, ಡಿಎಚ್‌ಎಗಳಿಂದ ಆಗುವ ರಿಸಾಲ್ವಿನ್‌ಗಳು 2000ದ ಆಸುಪಾಸಿನಲ್ಲಿ ಬೆಳಕಿಗೆ ಬಂದವು. ಮ್ಯಾಕ್ರೊಫೇಜ್ ಎಂಬ, ಕಸ ನುಂಗುವ ಜೀವಕೋಶಗಳು ಡಿಎಚ್‌ಎಯಿಂದ ಮಾಡುವ ಮರೆಸಿನ್ 2009ರಲ್ಲಿ.

ನನಗೆ ತುಂಬ ಹಿಡಿಸಿದ್ದು ಇದರಲ್ಲಿನ ಒಂದು ತಿರುವು. ಬಾವು ಎಬ್ಬಿಸಿದ ಪ್ರೊಸ್ಟಾಗ್ಲಾಂಡಿನ್ ಇ2 ಇದೆಯಲ್ಲ, ಅದೇ ಮುಂದೆ ನ್ಯೂಟ್ರೋಫಿಲ್‌ಗಳ ಒಳಗಿನ ಯಂತ್ರ ಬದಲಿಸುತ್ತದೆ. ಅಲ್ಲಿಯವರೆಗೆ ಅರಕಿಡೋನಿಕ್ ಆಮ್ಲದಿಂದ 'ಬನ್ನಿ' ಪತ್ರ ಬರೆಯುತ್ತಿದ್ದವು ಈಗ ಅದರಿಂದಲೇ ಲಿಪಾಕ್ಸಿನ್ ಎಂಬ 'ಸಾಕು, ಹೊರಡಿ' ಪತ್ರ ಬರೆಯತೊಡಗುತ್ತವೆ. ಅಂದರೆ ಒಮೆಗಾ-6 ಕೆಟ್ಟದು, ಒಮೆಗಾ-3 ಒಳ್ಳೆಯದು ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ಶುರು ಮಾಡುವುದರಲ್ಲೂ ನಿಲ್ಲಿಸುವುದರಲ್ಲೂ ಒಮೆಗಾ-6ರ ಕೈ ಇದೆ.

ಹಳೇ ಮನೆ ರಿಪೇರಿ ಮಾಡಿಸಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಮೊದಲು ಒಡೆಯುವವರು ಬರಬೇಕು. ಆದರೆ ಅವರು ಸುತ್ತಿಗೆ ಹಿಡಿದು ಅಲ್ಲೇ ಉಳಿದುಬಿಟ್ಟರೆ ಗಾರೆ ಕೆಲಸದವರು ಒಳಗೆ ಕಾಲಿಡಲು ಆಗುವುದಿಲ್ಲ. ಒಡೆಯುವವರು ನ್ಯೂಟ್ರೋಫಿಲ್‌ಗಳು. ಮೇಸ್ತ್ರಿ ಅಂದರೆ ಮ್ಯಾಕ್ರೊಫೇಜ್, ಎರಡು ಮೂರನೇ ದಿನಕ್ಕೆ ಇವುಗಳ ಸಂಖ್ಯೆ ಏರುತ್ತದೆ. ರಿಸಾಲ್ವಿನ್, ಲಿಪಾಕ್ಸಿನ್, ಮರೆಸಿನ್‌ಗಳು ಹೊಸ ನ್ಯೂಟ್ರೋಫಿಲ್ ಬರುವುದನ್ನು ತಡೆದು, ಸತ್ತವನ್ನು ನುಂಗಿ ಸ್ವಚ್ಛ ಮಾಡುವಂತೆ ಮ್ಯಾಕ್ರೊಫೇಜ್‌ಗೆ ಹೇಳುತ್ತವೆ. ಕಸ ನುಂಗುತ್ತಾ ನುಂಗುತ್ತಾ ಮೇಸ್ತ್ರಿಯ ಸ್ವಭಾವವೇ ಬದಲಾಗುತ್ತದೆ. ಅಲ್ಲಿಯವರೆಗೆ ಜಗಳಕ್ಕೆ ನಿಂತಿದ್ದವನು ಈಗ ಕಟ್ಟುವವರನ್ನು ಕರೆಯುತ್ತಾನೆ. ಫೈಬ್ರೊಬ್ಲಾಸ್ಟ್ ಜೀವಕೋಶಗಳು ಬಂದು ಕೊಲ್ಯಾಜೆನ್ ಎಂಬ ಹಗ್ಗ ನೇಯುತ್ತವೆ, ಹೊಸ ರಕ್ತನಾಳ ಚಿಗುರುತ್ತದೆ, ಚರ್ಮದ ಜೀವಕೋಶಗಳು ಹಕ್ಕಳೆಯ ಕೆಳಗೆ ಎರಡೂ ಅಂಚಿನಿಂದ ತೆವಳಿ ಬಂದು ನಡುವೆ ಕೂಡಿಕೊಳ್ಳುತ್ತವೆ.

ಸಕ್ಕರೆ ಕಾಯಿಲೆ ಇರುವವರ ಕಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯದೆ ಇರುವುದಕ್ಕೆ ಕಾರಣ ಹಲವು. ರಕ್ತ ಸಂಚಾರ ಕಮ್ಮಿ, ನರಗಳಿಗೆ ಪೆಟ್ಟು, ಸೋಂಕು. ಅವುಗಳ ಜೊತೆಗೆ ಇದೂ ಒಂದು: ಅವರ ಗಾಯದಲ್ಲಿ ಮ್ಯಾಕ್ರೊಫೇಜ್‌ಗಳು ಜಗಳದ ಸ್ವಭಾವದಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ, ಕಟ್ಟುವ ಕೆಲಸ ಶುರುವಾಗುವುದೇ ಇಲ್ಲ.

ಕೊಬ್ಬಿನಾಮ್ಲಕ್ಕೆ ಇನ್ನೂ ಒಂದು ದಾರಿ ಇದೆ. ಅದು ಜೀವಕೋಶದ ಕೇಂದ್ರದೊಳಗೇ ಹೋಗಿ ಪಿಪಿಎಆರ್ ಎಂಬ ಸ್ವಿಚ್ ಒತ್ತಿ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಇಲಿಗಳ ಮೇಲೆ ನಡೆದ ಕೆಲಸದಲ್ಲಿ, ಗಾಯದ ಅಂಚಿನ ಚರ್ಮದಲ್ಲಿ ಇಂಥ ಒಂದು ಸ್ವಿಚ್ ಎಚ್ಚರವಾಗುವುದು ಕಂಡಿತು. ಆ ಸ್ವಿಚ್ ಕೊರತೆ ಇದ್ದ ಇಲಿಗಳ ಗಾಯ ತಡವಾಗಿ ಮಾಯ್ದವು.

## ಕೊಬ್ಬೇ ತಿನ್ನದಿದ್ದರೆ ಏನಾಗುತ್ತದೆ?

ಪಥ್ಯದ ಪ್ರಶ್ನೆಗೆ ಉತ್ತರ 1929ರಷ್ಟು ಹಿಂದೆಯೇ ಸಿಕ್ಕಿದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಎಲ್ಲ ಪೌಷ್ಟಿಕಾಂಶ ಕೊಟ್ಟು ಕೊಬ್ಬನ್ನು ಮಾತ್ರ ಪೂರ್ತಿ ತೆಗೆದರು. ಇಲಿಗಳ ಚರ್ಮ ಹೊಟ್ಟು ಎದ್ದಿತು. ಬಾಲ ಒರಟಾಯಿತು. ಬೆಳವಣಿಗೆ ನಿಂತಿತು. ನೀರು ಮಾತ್ರ ವಿಪರೀತ ಕುಡಿಯುತ್ತಿದ್ದವು. ಕೊನೆಗೆ ಸತ್ತವು. ಇದನ್ನು ಸರಿಪಡಿಸುವುದು ಲಿನೊಲೆಯಿಕ್ ಆಮ್ಲ ಎಂದು ಮರುವರ್ಷ ಅವರೇ ತೋರಿಸಿದರು.

ನೀರು ಯಾಕೆ ಅಷ್ಟು ಕುಡಿದವು? ಚರ್ಮ ಸೋರುತ್ತಿತ್ತು! ನಮ್ಮ ಚರ್ಮದ ಮೇಲ್ಪದರದಲ್ಲಿ ಜೀವಕೋಶಗಳ ನಡುವೆ ಗಾರೆಯ ಹಾಗೆ ಸೆರಮೈಡ್ ಎಂಬ ಕೊಬ್ಬು ತುಂಬಿರುತ್ತದೆ. ಈಗ ಫೇಸ್ ಕ್ರೀಮ್ ಜಾಹೀರಾತಿನಲ್ಲಿ ಕೇಳಿಬರುವ ಹೆಸರೇ ಅದು. ಒಳಗಿನ ನೀರು ಆರಿಹೋಗದಂತೆ ತಡೆಯುವ ಮುಖ್ಯ ಸೆರಮೈಡ್‌ಗಳಿಗೆ ಲಿನೊಲೆಯಿಕ್ ಆಮ್ಲ ಬೇಕೇ ಬೇಕು.

ಮನುಷ್ಯರಲ್ಲೂ ಇದು ಕಂಡಿದೆ. ಬಾಯಿಂದ ಊಟ ಮಾಡಲಾಗದ ರೋಗಿಗಳಿಗೆ ವಾರಗಟ್ಟಲೆ ಕೊಬ್ಬಿಲ್ಲದ ಪೋಷಕಾಂಶವನ್ನು ಡ್ರಿಪ್ ಮೂಲಕ ಕೊಡುತ್ತಿದ್ದ ಕಾಲದಲ್ಲಿ ಅವರ ಚರ್ಮ ಹೊಟ್ಟೇಳುತ್ತಿತ್ತು, ಕೂದಲು ಉದುರುತ್ತಿತ್ತು, ಗಾಯ ಮಾಯುವುದು ನಿಧಾನವಾಗುತ್ತಿತ್ತು. ಹೀಗಾಗಿಯೇ ಇಂಥವರಿಗೆ ಈಗ ಕೊಬ್ಬಿನ ಬಿಳಿ ದ್ರವವನ್ನೂ ಸೇರಿಸಿ ಕೊಡುತ್ತಾರೆ.

2020ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಇನ್ನೊಂದು ಸಂಗತಿ ನೋಡಿದರು. ಚರ್ಮಕ್ಕೆ ಗಾಯವಾದಾಗ ಅದರ ಕೆಳಗಿನ ಕೊಬ್ಬಿನ ಜೀವಕೋಶಗಳು ತಮ್ಮ ದಾಸ್ತಾನನ್ನು ಕರಗಿಸಿ ಕೊಬ್ಬಿನಾಮ್ಲ ಬಿಡುತ್ತವೆ. ಹೀಗೆ ಬಿಡದಂತೆ ತಡೆದಾಗ ಗಾಯದಲ್ಲಿ ಮ್ಯಾಕ್ರೊಫೇಜ್‌ಗಳ ಸಂಖ್ಯೆಯೇ ಇಳಿಯಿತು, ದುರಸ್ತಿ ಹಿಂದೆ ಬಿತ್ತು.

ಎಂಟು ಹತ್ತು ದಿನ ಒಗ್ಗರಣೆ ಬಿಟ್ಟರೆ ದೊಡ್ಡಮ್ಮ ಆ ಇಲಿಗಳ ಹಾಗೆ ಆಗುವುದಿಲ್ಲ, ನಿಜ. ದೇಹದಲ್ಲಿ ದಾಸ್ತಾನಿದೆ. ಆದರೆ ಅಂಥ ಪಥ್ಯದಿಂದ ಗಾಯಕ್ಕೆ ಲಾಭ ಇದೆ ಎನ್ನಲು ಜೀವಕೋಶದ ಒಳಗೆ ಒಂದು ಕಾರಣವೂ ಕಾಣುವುದಿಲ್ಲ. ಬದನೆಕಾಯಿ, ಶೇಂಗಾ ಕೂಡ ಅಷ್ಟೇ, ಅಲರ್ಜಿ ಇರುವವರ ಮಾತು ಬೇರೆ. ಪಿತ್ತಕೋಶ ಅಥವಾ ಮೇದೋಜೀರಕ ಗ್ರಂಥಿಯ ತೊಂದರೆಗೆ ಡಾಕ್ಟರ್ ಕೊಬ್ಬು ಕಡಿಮೆ ಮಾಡಿ ಎಂದಿದ್ದರೆ ಅದನ್ನು ಪಾಲಿಸಲೇಬೇಕು. ಅಲ್ಲಿ ಕಾರಣ ಜೀರ್ಣ ಆಗುವುದರದ್ದು, ಹೊಲಿಗೆಯದ್ದಲ್ಲ.

## ಮಗ ಕಳಿಸಿದ ಕ್ಯಾಪ್ಸೂಲ್

ಬಾವು ಇಳಿಸುವ ರಿಸಾಲ್ವಿನ್ ಮೀನೆಣ್ಣೆಯ ಕೊಬ್ಬಿನಾಮ್ಲದಿಂದ ಆಗುತ್ತದೆ ಅಂದ ಮೇಲೆ, ಕ್ಯಾಪ್ಸೂಲ್ ನುಂಗಿದಷ್ಟೂ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಪ್ರಯೋಗಗಳು ಅಷ್ಟು ಸಲೀಸಾಗಿ ಹೂಂ ಅಂದಿಲ್ಲ.

1993ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವು ಇಲಿಗಳಿಗೆ ಮೀನೆಣ್ಣೆಯ ಆಹಾರ, ಕೆಲವಕ್ಕೆ ಮೆಕ್ಕೆಜೋಳದ ಎಣ್ಣೆಯ ಆಹಾರ ಕೊಟ್ಟರು. 30ನೇ ದಿನ ಗಾಯ ಎಷ್ಟು ಗಟ್ಟಿ ಎಂದು ಎಳೆದು ನೋಡಿದಾಗ ಮೀನೆಣ್ಣೆ ತಿಂದವುಗಳ ಗಾಯವೇ ಸುಲಭವಾಗಿ ಬಿಟ್ಟುಕೊಂಡಿತು. 2008ರಲ್ಲಿ ಆರೋಗ್ಯವಂತ ಜನರಿಗೆ ನಾಲ್ಕು ವಾರ ಇಪಿಎ, ಡಿಎಚ್‌ಎ ಕೊಟ್ಟು, ತೋಳಿನ ಮೇಲೆ ಸಣ್ಣ ಬೊಬ್ಬೆ ಎಬ್ಬಿಸಿ ನೋಡಿದರು. ಮರುದಿನದ ಗಾಯದ ದ್ರವದಲ್ಲಿ ಉರಿಯೂತದ ಒಂದು ಸಂಕೇತ ಇಳಿಯುವ ಬದಲು ಏರಿತ್ತು.

ಕಾರಣದ ಒಂದು ಪಾಲು ನಾವು ಆಗಲೇ ನೋಡಿದ್ದರಲ್ಲೇ ಇದೆ. ಪೊರೆಯಲ್ಲಿ ಇಪಿಎ ಜಾಸ್ತಿ ಸೇರಿದಾಗ ಅರಕಿಡೋನಿಕ್ ಆಮ್ಲಕ್ಕೆ ಜಾಗ ಕಮ್ಮಿಯಾಗುತ್ತದೆ. ಅದೇ ಕತ್ತರಿ, ಅದೇ ಯಂತ್ರ ಇಪಿಎಯಿಂದಲೂ ಪತ್ರ ಬರೆಯುತ್ತವೆ, ಆದರೆ ಅಕ್ಷರ ಮಸುಕು. ಇಪಿಎಯಿಂದ ಆದ ಥ್ರಾಂಬಾಕ್ಸೇನ್, ಲ್ಯೂಕೊಟ್ರೈನ್‌ಗಳ ಕೂಗು ಮೆಲ್ಲಗಿರುತ್ತದೆ. ಕಾಲಿನ ಹಳೇ ಹುಣ್ಣಿನಂತೆ ಒಡೆಯುವವರೇ ಬೀಡುಬಿಟ್ಟ ಕಡೆ ಇದು ಅನುಕೂಲ ಆಗಬಹುದು, ಆ ದಿಕ್ಕಿನಲ್ಲಿ ಸಂಶೋಧನೆ ನಡೆಯುತ್ತಿದೆ. ಈಗಷ್ಟೇ ಕೊಯ್ದ ಹೊಸ ಗಾಯಕ್ಕೆ ಮೊದಲ ಜೋರು ಕೂಗು ಬೇಕು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಕ್ಯಾಪ್ಸೂಲ್ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. 'ಅದು ಔಷಧಿ ಅಲ್ವಲ್ಲ' ಎಂದು ಎಷ್ಟೋ ಜನ ಹೇಳುವುದೇ ಇಲ್ಲ.

ದೊಡ್ಡಮ್ಮನ ವಿಷಯದಲ್ಲಿ ಇದೆಲ್ಲ ಹೇಳುವ ಮೊದಲೇ ತೀರ್ಮಾನವಾಯಿತು. ಡಬ್ಬಿಯ ಮೇಲೆ ಮೀನಿನ ಚಿತ್ರ ಇತ್ತು. ಜನ್ಮದಲ್ಲಿ ಮೀನು ಮುಟ್ಟದವರು ಅದನ್ನು ಹಾಗೇ ಕಪಾಟಿನ ಮೂಲೆಗೆ ತಳ್ಳಿದರು. ಸಮುದ್ರ ಪಾಚಿಯಿಂದ ತೆಗೆದ ಕ್ಯಾಪ್ಸೂಲೂ ಸಿಗುತ್ತವೆ ಎಂದು ನಾನು ಬಾಯಿ ಬಿಡಲಿಲ್ಲ.

## ತಟ್ಟೆಗೆ ಬಂದರೆ

ಅಗಸೆ ಚಟ್ನಿಪುಡಿ ನಮ್ಮ ಕಡೆ ಹೊಸದೇನಲ್ಲ. ಪುಡಿ ಮಾಡಿ ತಿನ್ನುವುದರಲ್ಲಿ ಅರ್ಥ ಇದೆ. ಇಡೀ ಕಾಳು ಅಗಿಯದೆ ನುಂಗಿದರೆ ಹೋದ ಹಾಗೇ ಹೊರಗೆ ಬರುತ್ತದೆ. ಕರಾವಳಿಯವರಿಗೆ ಬೂತಾಯಿ, ಬಂಗುಡೆ ಇದ್ದೇ ಇದೆ. ಒಮೆಗಾ-6ಕ್ಕೆ ದಿನದ ಅಡುಗೆ ಎಣ್ಣೆಯೇ ಸಾಕು. ಬರೀ ಕೊಬ್ಬರಿ ಎಣ್ಣೆ ಬಳಸುವ ಮನೆಯಲ್ಲಿ ಶೇಂಗಾ, ಎಳ್ಳು ಊಟದಲ್ಲಿರಲಿ, ಏಕೆಂದರೆ ಆ ಎಣ್ಣೆಯಲ್ಲಿ ಲಿನೊಲೆಯಿಕ್ ಆಮ್ಲ ತುಂಬ ಕಡಿಮೆ. ಸೊಟ್ಟ ಬಾಲಗಳಿಗೆ ಒಂದು ದೌರ್ಬಲ್ಯ ಇದೆ. ಸೊಟ್ಟ ಇರುವ ಕಡೆ ಆಮ್ಲಜನಕ ಬೇಗ ಹಿಡಿದು ಕೆಡಿಸುತ್ತದೆ. ಬೋಂಡ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದಾಗ ಮೂಗಿಗೆ ಬರುವ ಕಮಟು ಅದೇ.

ಕೊಲ್ಯಾಜೆನ್ ನೇಯಲು ಪ್ರೋಟೀನ್ ಬೇಕು, ವಿಟಮಿನ್ ಸಿ ಬೇಕು. ದೊಡ್ಡಮ್ಮನ ಪಥ್ಯದಲ್ಲಿ ಬೇಳೆಯ ಕಟ್ಟು ಇತ್ತು, ಬೇಳೆ ಇರಲಿಲ್ಲ. ನನಗೆ ಎಣ್ಣೆಗಿಂತ ಜಾಸ್ತಿ ಚಿಂತೆಯಾದದ್ದು ಅದು. ಆರನೇ ದಿನ ಅತ್ತಿಗೆ ಯಾರನ್ನೂ ಕೇಳದೆ ಗಟ್ಟಿ ಬೇಳೆಗೆ ಒಗ್ಗರಣೆ ಕೊಟ್ಟು, ರೊಟ್ಟಿ, ಅಗಸೆ ಪುಡಿ, ನಿಂಬೆಹೋಳು ಇಟ್ಟು ತಟ್ಟೆ ಮುಂದಕ್ಕೆ ತಳ್ಳಿದರು. ದೊಡ್ಡಮ್ಮ ಒಂದು ಮಾತೂ ಆಡದೆ ಊಟ ಮಾಡಿದರು.

ಮೂರನೇ ವಾರ ನೋಡಲು ಹೋದಾಗ ಹೊಲಿಗೆ ಬಿಚ್ಚಿ ಆಗಿತ್ತು. ಗಾಯ ಒಣಗಿ ಗುಲಾಬಿ ಗೆರೆ ಮಾತ್ರ ಉಳಿದಿತ್ತು. ಆದರೆ ಮೂರು ವಾರದ ಗಾಯಕ್ಕೆ ಇರುವುದು ಮೊದಲಿನ ಚರ್ಮದ ಬಲದಲ್ಲಿ ಸುಮಾರು ಐದರಲ್ಲಿ ಒಂದು ಪಾಲು. ಆತುರದಲ್ಲಿ ನೇಯ್ದ ಕೊಲ್ಯಾಜೆನ್ನನ್ನು ಬಿಚ್ಚಿ, ಗಟ್ಟಿ ಎಳೆಯಿಂದ ಮತ್ತೆ ನೇಯುವ ಕೆಲಸ ಒಳಗೆ ಒಂದು ವರ್ಷದವರೆಗೂ ನಡೆಯುತ್ತದೆ. ಕೊನೆಗೂ ಸಿಗುವುದು ಹಳೆಯ ಬಲದ 80 ಶೇಕಡಾ ಅಷ್ಟೇ. ಇದನ್ನು ಹೇಳೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ನಲ್ಲಿಯ ಕೆಳಗಿನ ತುಂಬಿದ ಕೊಡಕ್ಕೆ ಬಗ್ಗಿದ್ದರು. ಅತ್ತಿಗೆ ಓಡಿ ಬಂದು ಕಸಿದುಕೊಂಡರು.